ಬಕೆಟ್ಟಿನಲ್ಲಿ ಸಮುದ್ರ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗುಬ್ಬಿಯಲ್ಲಿ ಬೆಳೆದು ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ನನಗೆ ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ತಯಾರಾದ ಉಪಗ್ರಹವೊಂದು ಆಕಾಶದಿಂದಲೇ ಸಮುದ್ರದ ಮೇಲ್ಮೈ ಎಷ್ಟು ಬಿಸಿಯಿದೆ ಎಂದು ಅಳೆಯುತ್ತಿತ್ತು. ಅದು ಹೇಳುವುದು ನಿಜವೋ ಸುಳ್ಳೋ ತಿಳಿಯಬೇಕಾದರೆ, ಅದೇ ಹೊತ್ತಿಗೆ ಯಾರಾದರೂ ಹಡಗಿನಿಂದ ಬಕೆಟ್ ಇಳಿಬಿಟ್ಟು, ನೀರು ಸೇದಿ, ಥರ್ಮಾಮೀಟರ್ ಅದ್ದಿ ನೋಡಬೇಕು. ಅಷ್ಟು ದೊಡ್ಡ ಯಂತ್ರಕ್ಕೂ ಕೊನೆಗೆ ಬಕೆಟ್ಟೇ ಸಾಕ್ಷಿ.

ಹಡಗಿನಲ್ಲಿ ನಮ್ಮ ವಿಭಾಗಕ್ಕೆ ಇದ್ದದ್ದು ಒಂದೇ ಜಾಗ. ಕೇಳಿದವರು ಇಬ್ಬರು, ನಾನು ಮತ್ತು ಪಕ್ಕದ ಮೇಜಿನ ಸಹೋದ್ಯೋಗಿ. ನಾನು ಸಮುದ್ರ ಕಂಡವಳೇ ಅಲ್ಲ. ಹೋಗುವ ಆಸೆ ಎಷ್ಟಿತ್ತೆಂದರೆ, ಅಮ್ಮ ಗೊತ್ತುಮಾಡಿದ್ದ ಗಂಡಿನ ಕಡೆಯವರಿಗೆ ಈಗ ಬರಬೇಡಿ ಎಂದು ಹೇಳಿಕಳಿಸಿದ್ದೆ.

ಮೇಲಧಿಕಾರಿ ನಮ್ಮಿಬ್ಬರನ್ನೂ ಕುಣಿಗಲ್ ಕೆರೆಗೆ ಕರೆದೊಯ್ದು, ನೀರು ಸೇದಿ ಬಿಸಿ ಅಳೆಯಲು ಹೇಳಿ ಪರೀಕ್ಷೆ ಮಾಡಿದರು. ನಾನು ಸೇದಿದ ನೀರು ಕದಡಿತ್ತು. ಕೆರೆನೀರು ತಂದರೆ ಅಲುಗಿಸದೆ ಇಟ್ಟು, ಮಣ್ಣು ತಳ ಸೇರಿದ ಮೇಲೆ ಮುಟ್ಟುವುದು ನಮ್ಮ ಮನೆಯ ಪದ್ಧತಿ. ಅದೇ ರೂಢಿಯಲ್ಲಿ ಬಕೆಟ್ ಕೆಳಗಿಟ್ಟು ಕಾದೆ. ಬಿಸಿಲಿಗೆ ಬಕೆಟ್ಟಿನ ನೀರು ಕಾಯುತ್ತದೆಂದು ಬಿ.ಎಸ್ಸಿ. ಓದಿದವಳಿಗೆ ಹೊಳೆಯಲೇ ಇಲ್ಲ.

“ಯಾಕಮ್ಮ ಹಂಗೇ ನಿಂತ್ಬಿಟ್ಟೆ?”

“ತಿಳಿಯಾಗ್ಲಿ ಅಂತ ಸಾರ್.”

“ನಿನ್ನ ಕಳಿಸ್ತಿರೋದು ನೀರು ಕುಡಿಯಕ್ಕಲ್ಲ ಕಣಮ್ಮ!”

ಸಹೋದ್ಯೋಗಿ ಮುಖ ತಿರುಗಿಸಿಕೊಂಡು ನಕ್ಕ. ಹಡಗಿಗೆ ಅವನೇ ಹೋದ. ನನಗೆ ಅಳು ಬಂತು, ಅವನ ಮೇಲೆ ಸಿಟ್ಟೂ ಬಂತು. ತಪ್ಪು ನನ್ನದೇ ಆಗಿದ್ದರಿಂದ ಸಿಟ್ಟು ಬೇಗ ಇಳಿಯಲಿಲ್ಲ.

ಅವನು ತಂದ ಪಟ್ಟಿಯನ್ನು ಉಪಗ್ರಹದ ಅಂಕಿಗಳ ಜೊತೆ ಹೋಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂರು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಅಂಕಿ. ಉಪಗ್ರಹ ಮಾತ್ರ ಏರಿಳಿತ ತೋರಿಸುತ್ತಿತ್ತು. ಇದೇನೆಂದು ಅವನನ್ನೇ ಕೇಳಿದೆ.

“ಎದ್ದು ನಿಲ್ಲಕ್ಕೂ ಆಗ್ತಿರ್ಲಿಲ್ಲ ಕಣ್ರೀ, ಒಂದೇ ಸಮ ವಾಂತಿ. ಹಿಂದಿನ ದಿನದ್ದೇ ಬರೆದ್ಬಿಟ್ಟೆ. ಅಷ್ಟು ದೊಡ್ಡ ಸಮುದ್ರ, ಮೂರು ದಿನದಲ್ಲಿ ಏನ್ ಬದಲಾಗುತ್ತೆ?”

ಆ ಮೂರು ದಿನಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಕಾರಣ ಬರೆದು ಅಧಿಕಾರಿಗೆ ಕೊಟ್ಟೆ. ಹೊಟ್ಟೆಕಿಚ್ಚು ಅಂದರೆ ಅನ್ನಲಿ ಎಂದುಕೊಂಡೆ. ಸ್ವಲ್ಪ ಹೊಟ್ಟೆಕಿಚ್ಚು ಇದ್ದದ್ದೂ ನಿಜ. ಅವರು ಪೂರ್ತಿ ಓದಿ ಸಹಿ ಹಾಕಿದರು.

ಮುಂದಿನ ವರ್ಷ ಹಡಗು ಮತ್ತೆ ಹೊರಟಿತು. ನಾನೂ ಮತ್ತೆ ಅರ್ಜಿ ಕೊಟ್ಟೆ. ಅವನನ್ನೇ ಕಳಿಸಿದರು. ಅವನಿಗೆ ಸಮುದ್ರದ ಅನುಭವವಿದೆ ಎಂದು ಕಾರಣ ಬರೆದಿದ್ದರು.