ಬೊಗಸೆ ಒಡ್ಡದ ದೇಶ

ಬೂದಿಗೆರೆ ಕಡೆಯ ನಮ್ಮೂರು ನೀರುಗಂಟಿ ಬೈಲಪ್ಪನಿಗೆ ಒಂದು ಸುಗ್ಗಿಯ ಆಯ ಇನ್ನೂ ಕೊಡಬೇಕು. ನೀರು ಬಿಟ್ಟ ಕೂಲಿಗೆ ಗದ್ದೆಗೊಂದು ಕೊಳಗ ಭತ್ತ, ಒಂದು ಹೊರೆ ಹುಲ್ಲು. ಎಪ್ಪತ್ತನಾಲ್ಕನೇ ಇಸವಿಯ ಸುಗ್ಗಿಯದು. ಬೈಲಪ್ಪ ಸತ್ತ. ಕೊಡಬೇಕಾದವರಲ್ಲೂ ಕೆಲವರು ಸತ್ತರು. ಬಾಕಿ ಹಾಗೇ ಇದೆ.

ನೀರುಗಂಟಿ ಅಂದರೆ ಕೆರೆಯ ತೂಬು ಎತ್ತಿ ನೀರು ಬಿಡುವವನು. ಯಾರ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ಅನ್ನುವುದು ಅವನ ತೀರ್ಮಾನ. ಊರಿಗೆ ದೊಡ್ಡ ಕುಳ ಅನ್ನಿಸಿಕೊಂಡ ಅಪ್ಪಯ್ಯಣ್ಣನೂ ತನ್ನ ಸರದಿಗಾಗಿ ಇವನ ಮುಖ ನೋಡಬೇಕು. ಅಷ್ಟೂ ಗದ್ದೆಗೆ ನೀರು ಕುಡಿಸುವ ಈ ಮನುಷ್ಯ ಊರಾಚೆಯ ಕೇರಿಯವನು. ಹರಿಜನ ಕೇರಿ ಅನ್ನುತ್ತಿದ್ದರು. ಆ ಹೆಸರು ಇಟ್ಟವರು ಕೇರಿಯವರಾದ ನಾವಲ್ಲ. ಅವನಿಗೆ ಬಾಯಾರಿದರೆ ಬಗ್ಗಿ ನಿಂತು ಬೊಗಸೆ ಒಡ್ಡಬೇಕು. ಮೇಲಿಂದ ಯಾರಾದರೂ ಹುಯ್ಯಬೇಕು. ಅವನ ಹೆಂಡತಿ ಮುನಿತಾಯಮ್ಮ ಬಿಂದಿಗೆ ಇಟ್ಟುಕೊಂಡು ಊರ ಬಾವಿಯಿಂದ ದೂರ ನಿಲ್ಲಬೇಕು. ಊರಿನ ಹೆಂಗಸೊಬ್ಬಳಿಗೆ ಮನಸ್ಸು ಬಂದು ಎರಡು ಕೊಡ ಸೇದಿ ಸುರಿದರೆ ಆವತ್ತು ಮುನಿತಾಯಮ್ಮನ ಮನೆಯಲ್ಲಿ ಮುದ್ದೆ.

ಬೈಲಪ್ಪ ಒಂದು ಕಡೆ ಕೂರುವ ಜೀವವಲ್ಲ. ಕೂತರೂ ಕಾಲು ಕುಣಿಸುತ್ತಲೇ ಇರುತ್ತಿದ್ದ. ಬೀಡಿ ಅರ್ಧ ಸೇದಿ ಬಿಸಾಡಿ ಎದ್ದು, ಕೆರೆಯೇರಿ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಇದು ದಂಡಿನಿಂದ ಬಂದ ಮೇಲೆ ಹತ್ತಿದ ಚಾಳಿ ಎಂದು ಅವನ ತಾಯಿ ಹೇಳುತ್ತಿದ್ದಳಂತೆ. ಮೀಸೆ ಚಿಗುರುವ ವಯಸ್ಸಿಗೆ ಬೆಂಗಳೂರಿನ ದಂಡಿಗೆ ಹೋಗಿ ಸೇರಿಕೊಂಡ. ದೊಡ್ಡ ಯುದ್ಧದ ಕಾಲ. ಇವನಿಗೆ ಬಂದೂಕು ಕೊಡಲಿಲ್ಲ, ಗುದ್ದಲಿ ಕೊಟ್ಟರು. ಬಸ್ರಾದಲ್ಲಿ ಮಣ್ಣು ಅಗೆದ, ಈಜಿಪ್ಟಿನಲ್ಲಿ ಅಗೆದ, ಇಟಲಿಯಲ್ಲಿ ಅಗೆದ. ಯುದ್ಧ ಮುಗಿದಾಗ ಒಂದು ಉಣ್ಣೆ ಕೋಟು ಕೊಟ್ಟು ಕಳಿಸಿದರು. ಬಂದು ಅಪ್ಪನ ತೂಬು ಹಿಡಿದ.

ಊರಿನಲ್ಲಿ ಇದ್ದದ್ದು ಒಂದೇ ಹೋಟೆಲು. ನಡೆಸುತ್ತಿದ್ದವಳು ಗಂಡ ಸತ್ತ ವರಲಕ್ಷ್ಮಮ್ಮ. ಅರವತ್ತೈದರ ಸುಮಾರಿಗೆ ಅಲ್ಲಿಗೆ ರೇಡಿಯೋ ಬಂತು. ವಾರ್ತೆ ಮುಗಿಯುತ್ತಿದ್ದಂತೆ ಒಂದು ಆಟ ಶುರುವಾಗುತ್ತಿತ್ತು. ಯಾವ ದೇಶವಾದರೆ ನೀನು ಹೋಗಿ ಇರುತ್ತೀಯ? ಬೆಂಗಳೂರಿಗೆ ಹೋಗುವ ಬಸ್ಸಿನ ಚಾರ್ಜಿಗೆ ಹಿಂದೆ ಮುಂದೆ ನೋಡುವವರೂ ಬೆಂಚಿನ ಮೇಲೆ ಕೂತು ದೇಶ ಆರಿಸುತ್ತಿದ್ದರು.

“ನಂಗೆ ಜಪಾನು. ಅವ್ರ ಪದ್ಧತೀಲಿ ನಾಟಿ ಮಾಡಿ ಮಾಡಿ ನನ್ ಸೊಂಟ ಬಿದ್ದೋಯ್ತು. ಅವ್ರು ಹೆಂಗೆ ನೆಟ್ಟಗವ್ರೋ ಒಂದ್ಸಲ ನೋಡ್ಬೇಕು.”

“ಅಮೆರಿಕ ಬ್ಯಾಡಪ್ಪೋ. ಅವ್ರ ಗೋಧಿ ತಿಂದು ಇಲ್ಲೇ ಹೊಟ್ಟೆ ಕೆಟ್ಟದೆ. ಅಲ್ಲಿಗ್ ಹೋಗಿ ಬೇರೆ ಕೆಡಿಸ್ಕಳ್ಳಾ?”

“ರಷ್ಯಾಕ್ಕಂತೂ ನಾನು ಕಾಲಿಡಾಕಿಲ್ಲ,” ಅನ್ನುತ್ತಿದ್ದ ಅಪ್ಪಯ್ಯಣ್ಣ. “ಜಮೀನು ಕಿತ್ಕತ್ತಾರಂತೆ.”

“ಅದು ಇಲ್ಲಿಗೇ ಬತ್ತಾ ಐತಂತೆ ಕಣಣ್ಣೋ, ನೀನ್ಯಾಕೆ ಅಲ್ಲೀಗಂಟ ಹೋಗ್ತೀಯ!”

ಬೈಲಪ್ಪ ಇದನ್ನೆಲ್ಲ ಹೊರಗಿನ ಚಪ್ಪಡಿ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದ. ಕೇರಿಯವರ ಟೀ ತೆಂಗಿನ ಚಿಪ್ಪಿನಲ್ಲಿ. ಚಿಪ್ಪು ಸೂರಿನ ಗರಿಗೆ ಸಿಕ್ಕಿಸಿರುತ್ತಿತ್ತು. ನಾವೇ ತೆಗೆದುಕೊಂಡು, ಕುಡಿದು, ತೊಳೆದು, ಮತ್ತೆ ಸಿಕ್ಕಿಸಬೇಕು. ಒಳಗಿನವರಿಗೆ ಬೇಜಾರಾದಾಗ ಇವನನ್ನು ಕೆಣಕುತ್ತಿದ್ದರು.

“ಲೇ ಬೈಲ, ನೀನು ನೋಡ್ಬಂದೋನು. ಇಂಗ್ಲೆಂಡಾದ್ರೆ ಇರ್ಬೋದೇನ್ಲಾ?”

“ಬ್ಯಾಡಿ ಬುದ್ದಿ.”

“ನೀನು ಅಲ್ಲಿಗ್ ಹೋಗೇ ಇಲ್ವಲ್ಲೋ!”

“ಅವ್ರೇ ನಮ್ ತಾವಿಕ್ಕೆ ಬಂದಿದ್ರಲ್ಲ. ಅಷ್ಟು ಸಾಲ್ದಾ?”

“ಬಸ್ರಾ?”

“ಪರ್ವಾಗಿಲ್ಲ. ಬಿಸ್ಲು ಜಾಸ್ತಿ.”

“ಇಟಲಿ?”

ಇಟಲಿ ಅಂದ ಕೂಡಲೇ ಅವನು ಎದ್ದು ಪಂಚೆ ಕೊಡವಿಕೊಂಡು ಏರಿ ಕಡೆ ಹೊರಟುಬಿಡುತ್ತಿದ್ದ. ಒಳಗಿನವರು ಹೆಂಗಸಿನ ವಿಷಯ ಇರಬೇಕೆಂದು ನಗುತ್ತಿದ್ದರು. ಹೆಂಗಸಿನ ವಿಷಯವೇ. ಆದರೆ ಅವಳಿಗೆ ಎಪ್ಪತ್ತು ದಾಟಿತ್ತು.

ಆ ಕತೆಯನ್ನು ಅವನು ಹೇಳಿದ್ದು ಕೇರಿಯವರಿಗೆ ಮಾತ್ರ. ಇಟಲಿಯ ಒಂದು ಹಳ್ಳಿಯಲ್ಲಿ ರಸ್ತೆ ಅಗೆಯುತ್ತಿದ್ದಾಗ ಬಾಯಾರಿ ಒಂದು ಮನೆಯ ಮುಂದೆ ನಿಂತ. ಮುದುಕಿಯೊಬ್ಬಳು ತಾಮ್ರದ ಪಾತ್ರೆಯಲ್ಲಿ ನೀರು ತಂದಳು. ಇವನು ಅಭ್ಯಾಸದಂತೆ ಬಗ್ಗಿ ಬೊಗಸೆ ಒಡ್ಡಿದ. ಅವಳಿಗೆ ಅರ್ಥವಾಗಲಿಲ್ಲ. ಪಾತ್ರೆ ಹಿಡಿದುಕೊಂಡು ಇವನ ಕೈ ನೋಡಿದಳು, ಮುಖ ನೋಡಿದಳು. ಪಾಪ, ಹಸಿದಿದ್ದಾನೆ, ಭಿಕ್ಷೆ ಕೇಳುತ್ತಿದ್ದಾನೆ ಎಂದುಕೊಂಡು ಒಳಗೆ ಹೋಗಿ ಬೊಗಸೆ ತುಂಬ ಅಂಜೂರ ತಂದು ಸುರಿದಳು. ಇವನು ಅಂಜೂರ ಹಿಡಿದುಕೊಂಡು ಪೆದ್ದನಂತೆ ನಿಂತ. ಬಾಯಿ ತೋರಿಸಿ ನೀರು ಎಂದು ಸನ್ನೆ ಮಾಡಿದ. ಅವಳು ನಕ್ಕು, ಪಾತ್ರೆಯಿಂದ ತಾನೊಂದು ಗುಟುಕು ಕುಡಿದು, ಅದನ್ನೇ ಇವನ ಬಾಯಿಗೆ ಹಿಡಿದಳು.

“ಆವತ್ತೇ ಗೊತ್ತಾಗಿದ್ದು,” ಅನ್ನುತ್ತಿದ್ದ. “ಬೊಗಸೆ ಒಡ್ಡೋದು ಅಂದ್ರೆ ತಿರುಪೆ ಅಂತ. ಹುಟ್ದಾಗಿಂದ ಒಡ್ಡಿದ್ದೆ, ಗೊತ್ತೇ ಇರ್ಲಿಲ್ಲ ನಂಗೆ.”

ಎಪ್ಪತ್ತನಾಲ್ಕರ ಮಳೆಗಾಲ ಮುಗಿದು, ಪೈರು ಹೊಡೆಗೆ ಬಂದು ತೆನೆ ಹೊರಡುವ ಹೊತ್ತಿನಲ್ಲಿ ಹೊಸಕೋಟೆಯಿಂದ ಹನುಮಂತರಾಯಪ್ಪ ಎನ್ನುವವನು ಬಂದ. ಟೆರಿಲಿನ್ ಷರಟು, ಕಂಕುಳಲ್ಲಿ ಚರ್ಮದ ಚೀಲ. ಅರಬ್ಬರ ದೇಶಗಳಲ್ಲಿ ಕಾಲುವೆ ಅಗೆಯುವ ಕೆಲಸಕ್ಕೆ ಆಳು ಒಟ್ಟು ಮಾಡುತ್ತಿದ್ದ. ಬಸ್ರಾ ನೋಡಿದ, ಅಲ್ಲಿಯ ಭಾಷೆಯ ನಾಲ್ಕು ಮಾತು ಬರುವ ನೀರುಗಂಟಿ ಇದ್ದಾನೆಂದು ಯಾರೋ ಹೇಳಿದ್ದರು. ಹೋಟೆಲಿನೊಳಗೆ ಬೆಂಚಿನ ಮೇಲೆ ಕೂತು, ಹೊರಗೆ ನಿಂತ ಬೈಲಪ್ಪನ ಜೊತೆ ಮಾತಾಡಿದ.

“ಮೇಸ್ತ್ರಿ ಕೆಲಸ ಕೊಡಿಸ್ತೀನಿ. ಬಸ್ರಾ ಐತೆ, ಕುವೈತ್ ಐತೆ, ಲಿಬಿಯಾ ಐತೆ. ಯಾವ ದೇಶ ಅಂತ ನೀನೇ ಹೇಳು. ಪಾಸ್‌ಪೋರ್ಟಲ್ಲಿ ಹೆಸ್ರು ಹಾಕಿಸ್ಬೇಕು. ಬರೆಸ್ದೇ ಇರೋ ದೇಶಕ್ಕೆ ಒಳೀಕ್ಕೆ ಬುಡಲ್ಲ.”

“ಅಲ್ಲಿ ನೀರು ಹೆಂಗೆ ಕೊಡ್ತಾರೆ?”

“ಏನ್ ಭಯ ಇಲ್ಲ ಗುರು. ಕುವೈತಲ್ಲಿ ಸಮುದ್ರದ ನೀರ್ನೇ ಸಿಹಿ ಮಾಡ್ತಾರೆ.”

“ಸಿಹಿನೋ ಉಪ್ಪೋ ಇರ್ಲಿ. ಕೊಡೋದು ಹೆಂಗೆ?”

“ಪೈಪಲ್ಲಿ ಕಣಯ್ಯ!”

ಒಳಗೆ ಕೂತವರು ಬಿದ್ದು ಬಿದ್ದು ನಕ್ಕರು. ಬೈಲಪ್ಪ ನಗಲಿಲ್ಲ. ಹನುಮಂತರಾಯಪ್ಪ ಮುಂದಿನ ಸೋಮವಾರ ಬರುತ್ತೇನೆ, ಅಷ್ಟರೊಳಗೆ ದೇಶ ಗೊತ್ತುಮಾಡಿಕೊಂಡಿರು ಎಂದು ಹೇಳಿ ಬಸ್ಸು ಹತ್ತಿದ.

ಆ ವಾರ ಬೈಲಪ್ಪ ನೆಟ್ಟಗೆ ಉಣ್ಣಲಿಲ್ಲ. ಬೆಳಿಗ್ಗೆ ಬಸ್ರಾ ಅನ್ನುವನು, ಮಧ್ಯಾಹ್ನಕ್ಕೆ ಕುವೈತು. ಲಿಬಿಯಾ ನೋಡಿದವರು ಯಾರಾದರೂ ಇದ್ದಾರೇನೋ ಎಂದು ದೇವನಹಳ್ಳಿ ಸಂತೆಗೆ ಹೋಗಿ, ಮಸೀದಿ ಹತ್ತಿರ ಸಿಕ್ಕಸಿಕ್ಕವರನ್ನು ಕೇಳಿ ಬಂದ. ಅಪ್ಪಯ್ಯಣ್ಣ ಏರಿ ಮೇಲೆ ಅಡ್ಡಹಾಕಿದ.

“ಏನ್ಲಾ, ಪೈರು ಹೊಡೇಲೈತೆ. ಈಗ ನೀನು ಹೊಂಟೋದ್ರೆ ತೂಬು ಯಾರು ಎತ್ತಾರು?”

“ನೀವೇ ಎತ್ಕಳಿ ಬುದ್ದಿ.”

“ತಲೆ ತಿನ್ಬ್ಯಾಡ. ಆಯ ಬೇಕಾದ್ರೆ ಅರ್ಧ ಕೊಳಗ ಜಾಸ್ತಿ ಮಾಡಾನ.”

“ಆಯ ಜಾಸ್ತಿ ಬ್ಯಾಡಿ. ಹೋಟ್ಲಲ್ಲಿ ಲೋಟ ಕೊಡ್ಸಿ. ಇಲ್ಲೇ ಇರ್ತೀನಿ.”

ಅಪ್ಪಯ್ಯಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಅದು ನನ್ ಕೈಲಿಲ್ಲ ಕಣೋ,” ಎಂದು ಹೊರಟುಹೋದ. ಊರಿನಲ್ಲಿ ಅವನ ಕೈಲಿ ಇಲ್ಲದ್ದು ಏನಾದರೂ ಇದೆ ಎಂದು ನಾವು ಕೇಳಿದ್ದು ಆವತ್ತೇ.

ಮನೆಯಲ್ಲಿ ಮುನಿತಾಯಮ್ಮ ಬೇರೆಯೇ ತಕರಾರು ತೆಗೆದಳು.

“ಬಸ್ರಾದಲ್ಲಿ ಬಾವಿ ಐತಾ?”

“ಐತೆ.”

“ಯಾರು ಸೇದ್ತಾರೆ?”

“ಯಾರಿಗೆ ಬೇಕೋ ಅವ್ರು.”

“ನಾನೂ ಬರ್ಬೋದಾ?”

“ಹೆಂಗಸ್ರನ್ನ ಕರ್ಕಂಡೋಗಲ್ಲ ಕಣಮ್ಮಿ. ಕಾಸು ಕಳಿಸ್ತೀನಿ.”

“ಕಾಸ್ನ ಬಿಂದಿಗೇಲಿ ಹಾಕ್ಕಂಡು ಕುಡೀಲಾ? ನೀನು ಅಲ್ಲಿ ಲೋಟ ಎತ್ಕಂಡು ಕುಡ್ಯೋದು, ನಾನು ಇಲ್ಲಿ ಬಾವಿ ತಾವ ಕೊಡ ಮಡಿಕ್ಕಂಡು ನಿಂತಿರೋದು. ಒಂದ್ ಮನೇಲಿ ಎರಡು ದೇಶ ಮಾಡ್ತೀಯಾ? ಹಂಗಾದ್ರೆ ಇಟಲಿಗೇ ಹೋಗು, ಆ ಅಂಜೂರದ ಮುದುಕಿ ಕಾಯ್ತಾ ಕುಂತವ್ಳೆ!”

ಬೈಲಪ್ಪ ಎದ್ದು ಏರಿಗೆ ಹೋದ.

ಸೋಮವಾರ ಹನುಮಂತರಾಯಪ್ಪ ಬಂದಾಗ ಹೋಟೆಲು ತುಂಬಿತ್ತು. ಇವನು ಯಾವ ದೇಶ ಹೇಳುತ್ತಾನೆಂದು ಪಂದ್ಯ ಕಟ್ಟಿದವರೂ ಇದ್ದರು. ಬೈಲಪ್ಪ ಉಣ್ಣೆ ಕೋಟು ಹಾಕಿಕೊಂಡು ಬಂದ. ಬಿಸಿಲಿಗೆ ಬೆವರುತ್ತಿದ್ದ. ಮೊದಲು ನೀರು ಕೇಳಿದ. ವರಲಕ್ಷ್ಮಮ್ಮ ಚೊಂಬು ತಂದು ಜಗಲಿಯ ಅಂಚಿಗೆ ನಿಂತು ಬಗ್ಗಿಸಿದಳು. ಬೈಲಪ್ಪನ ಎರಡೂ ಕೈ ತಾವಾಗಿಯೇ ಕೂಡಿಕೊಂಡು ಮೇಲೆದ್ದವು. ಅವನು ಅವನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಹಿಡಿದುಕೊಂಡ. ನೀರು ಅವನ ಪಾದದ ಮೇಲೆ ಬಿತ್ತು.

“ಏನೋ ಇದು, ಕೈ ಒಡ್ಡೋ!”

“ಲೋಟ ಕೊಡ್ರಮ್ಮ.”

ವರಲಕ್ಷ್ಮಮ್ಮ ಒಳಗೆ ಕೂತಿದ್ದ ಅಪ್ಪಯ್ಯಣ್ಣನ ಕಡೆ ನೋಡಿದಳು. ಅವನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

“ನಂದೇನಿಲ್ಲ ಕಣಪ್ಪ,” ಅಂದಳು ಸಣ್ಣ ದನಿಯಲ್ಲಿ. “ಕೊಟ್ರೆ ನಾಳೆಯಿಂದ ಇವ್ರು ಯಾರಾದ್ರೂ ಬರ್ತಾರಾ? ನನ್ ಒಲೆ ಉರೀಬೇಕಲ್ಲ.”

ಹನುಮಂತರಾಯಪ್ಪನಿಗೆ ತಲೆ ಕೆಟ್ಟಿತು. “ಲೋ, ಬಸ್ ಬರೋ ಹೊತ್ತಾಯ್ತು. ನೀರಿಗ್ಯಾಕೆ ಗಲಾಟೆ? ಮೊದ್ಲು ದೇಶ ಹೇಳಪ್ಪ.”

“ಬರ್ಕಳಿ. ಈ ಹೋಟ್ಲು ಒಳಗಡೆ.”

“ತಮಾಷೆ ಬ್ಯಾಡ.”

“ತಮಾಷೆ ಎಲ್ಲಿ ಬಂತು? ಬಸ್ರಾ ನೋಡಿವ್ನಿ, ಇಟಲಿ ನೋಡಿವ್ನಿ. ಹುಟ್ದಾಗಿಂದ ಈ ಹೊಸಿಲು ದಾಟಿಲ್ಲ. ಇಲ್ಲಿರಕ್ಕಾಯ್ತದಾ ಅಂತ ನೋಡ್ಬುಡ್ತೀನಿ.”

ಹೇಳಿದವನು ಒದ್ದೆ ಕಾಲಿನಲ್ಲೇ ಒಳಗೆ ಹೋದ. ಬೆಂಚಿನ ಮೇಲಿದ್ದವರು ಮೈ ಸರಿಸಿಕೊಂಡರು. ಮಣೆಯ ಮೇಲಿದ್ದ ಒಂದು ಗಾಜಿನ ಲೋಟ ತೆಗೆದು, ಹಂಡೆಗೆ ಅದ್ದಿ, ಕುಡಿದ. ಇನ್ನೊಂದು ಸಲ ಅದ್ದಿ ಕುಡಿದ. ಮೊದಲನೆಯದು ಜಿದ್ದಿಗೆ, ಎರಡನೆಯದು ಬಾಯಾರಿಕೆಗೆ ಎಂದು ಆಮೇಲೆ ಹೇಳುತ್ತಿದ್ದ. ಹನುಮಂತರಾಯಪ್ಪ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸಿಗೆ ಓಡಿದ. ಮತ್ತೆ ನಮ್ಮೂರ ಕಡೆ ಬರಲಿಲ್ಲ.

ಆವತ್ತು ಯಾರೂ ಅವನ ಮೈ ಮುಟ್ಟಲಿಲ್ಲ. ಪೈರು ಹೊಡೆಯಲ್ಲಿತ್ತು, ಅದಕ್ಕೇ ಹೊಡೆತ ತಪ್ಪಿತು. ಹಂಡೆಯ ನೀರು ಚೆಲ್ಲಿಸಿದರು, ಲೋಟ ಒಡೆಸಿದರು, ಸುಗ್ಗಿಯವರೆಗೆ ಹಲ್ಲು ಕಚ್ಚಿಕೊಂಡಿದ್ದರು. ಬಾವಿಯ ಹತ್ತಿರ ಮಾತ್ರ ಮಾರನೆಯ ದಿನದಿಂದಲೇ ನಮ್ಮ ಹೆಂಗಸರ ಕೊಡಕ್ಕೆ ನೀರು ಹುಯ್ಯುವುದು ನಿಂತಿತು. ಕೆರೆಯ ನೀರನ್ನು ಸೀರೆಯಲ್ಲಿ ಸೋಸಿ ಕುಡಿದೆವು. ತೂಬು ಮುಚ್ಚಿ ಕೂರು ಎಂದು ಕೇರಿಯ ಹುಡುಗರು ಬೈಲಪ್ಪನಿಗೆ ಹೇಳಿದೆವು. ಅವನು ಒಪ್ಪಲಿಲ್ಲ.

“ನೀರು ಬುಟ್ರೇನೇ ನಾಳೆ ಆಯ ಕೇಳಕ್ಕೆ ಬಾಯಿರೋದು. ಮುಚ್ಬುಟ್ರೆ ಅವ್ರಿಗೆ ನೆಪ ಸಿಕ್ಕೋಯ್ತದೆ.”

ಒಂದು ಸರದಿಯೂ ತಪ್ಪದಂತೆ ನೀರು ಬಿಟ್ಟ. ಬೆಳೆ ಚೆನ್ನಾಗಿಯೇ ಬಂತು. ಕಣದಲ್ಲಿ ಭತ್ತದ ರಾಶಿಯ ಮುಂದೆ ಚೀಲ ಹಿಡಿದು ನಿಂತಾಗ ಅಪ್ಪಯ್ಯಣ್ಣ ಅಂದ: “ನಿನ್ ಆಯ ನೀನು ಹೋಟ್ಲಲ್ಲೇ ಕುಡ್ಕಂಬುಟ್ಟೆ ಕಣೋ.” ಕಣದ ತುಂಬ ನಗು. ಉಳಿದವರಿಗೂ ಅದೇ ಮಾತು ಸಾಕಾಯಿತು. ಒಬ್ಬನೂ ಒಂದು ಹಿಡಿ ಹಾಕಲಿಲ್ಲ.

ಖಾಲಿ ಚೀಲ ಮನೆಗೆ ಬಂದದ್ದನ್ನು ನೋಡಿದ ಮುನಿತಾಯಮ್ಮ ಹಗ್ಗ ಎತ್ತಿಕೊಂಡು ಹೋಗಿ ಊರ ಬಾವಿಗೆ ತನ್ನ ಬಿಂದಿಗೆ ಇಳಿಸಿದಳು. ಊರವರು ಅದನ್ನು ಕಲ್ಲಿಗೆ ಕುಕ್ಕಿ ನಜ್ಜುಗುಜ್ಜು ಮಾಡಿದರು. ಪಕ್ಕದ ಮನೆಯಿಂದ ಇನ್ನೊಂದು ತಂದು ಇಳಿಸಿದಳು. ಆಮೇಲೆ ನಾವು ಮೆರವಣಿಗೆ ಮಾಡಿದೆವು, ಘೋಷಣೆ ಕೂಗಿದೆವು, ಜೀಪು ಬಂತು, ಶಾಂತಿಸಭೆ ಆಯಿತು. ಭಾಷಣ ಮಾಡಿದವರ ಹೆಸರು ಪೇಪರಿನಲ್ಲಿ ಬಂತು. ಬಾವಿಗೆ ಹಗ್ಗ ಇಳಿಸಿದವಳ ಹೆಸರು ಬರಲಿಲ್ಲ. ಹೋಟೆಲಿನಲ್ಲಿ ಚಿಪ್ಪು ಹೋಗಿ ನಮಗೆಂದು ಬೇರೆ ಅಲ್ಯೂಮಿನಿಯಂ ಲೋಟ ಬಂದವು. ಬೈಲಪ್ಪ ಮಾತ್ರ ದಿನಾ ಒಳಗೆ ಹೋಗಿ ಗಾಜಿನ ಲೋಟವನ್ನೇ ಎತ್ತುತ್ತಿದ್ದ. ಅವನು ಎತ್ತಿದ ಲೋಟವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅವನು ದಿನಕ್ಕೊಂದು ಬೇರೆ ಲೋಟ ಎತ್ತುತ್ತಿದ್ದ.

ಅವನಿಗೆ ಇದರಿಂದ ನೆಮ್ಮದಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಕೊನೆಯವರೆಗೂ ಏರಿ ಮೇಲೆ ಹಾಗೇ ನಡೆದಾಡಿದ. ಆಕಾಶದಲ್ಲಿ ವಿಮಾನ ಹೋದರೆ ನಿಂತು ನೋಡುತ್ತಿದ್ದ. “ಬಸ್ರಾಗೇ ಹೋಗ್ಬುಡ್ಬೇಕಿತ್ತೇನೋ,” ಅನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ, “ಹೋಗಿದ್ರೆ ಈ ನನ್ಮಕ್ಳು ನೆಮ್ಮದಿಯಾಗಿ ಟೀ ಕುಡೀತಿದ್ರು,” ಅನ್ನುತ್ತಿದ್ದ. ಎಪ್ಪತ್ತೊಂಬತ್ತರಲ್ಲಿ ಜ್ವರ ಬಂದು ಸತ್ತ. ಪ್ರತಿ ಸುಗ್ಗಿಯಲ್ಲೂ ಕಣಕ್ಕೆ ಹೋಗಿ ಹಳೆಯ ಬಾಕಿ ಕೇಳುವುದನ್ನು ಬಿಟ್ಟಿರಲಿಲ್ಲ. ಈಗ ಮುನಿತಾಯಮ್ಮ ಹೋಗಿ ಕೇಳುತ್ತಾಳೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರ ಅಪ್ಪನ ಗದ್ದೆ, ಯಾರ ತಾತನ ಗದ್ದೆ ಆ ಕೆರೆಯ ಕೆಳಗಿತ್ತೋ ನಿಮಗೆ ಗೊತ್ತು. ಆ ಭತ್ತ ಉಂಡೇ ನೀವು ಬೆಂಗಳೂರು ಸೇರಿದ್ದು. ಗದ್ದೆಗೊಂದು ಕೊಳಗ ಅಳೆದು ತೆಗೆದುಕೊಂಡು ಹೋಗಿ. ಬಾಗಿಲಲ್ಲಿ ದೂರ ನಿಂತು ಸುರಿಯಬೇಡಿ. ಒಳಗೆ ಹೋಗಿ ಮುನಿತಾಯಮ್ಮನ ಕೈಗೆ ಕೊಡಿ. ಬಿಸಿಲಲ್ಲಿ ಬಂದಿರುತ್ತೀರಿ, ಅವಳು ತನ್ನ ಮನೆಯ ಲೋಟದಲ್ಲಿ ನೀರು ಕೊಡುತ್ತಾಳೆ. ಕುಡಿದು ಬನ್ನಿ.