ಕಿಟಿಯೋನನ ಕಂಬ

ನಮ್ಮ ದ್ವೀಪದ ಸಭಾಮನೆಯಲ್ಲಿ ಮನೆತನಕ್ಕೊಂದು ಕಂಬ. ಅದಕ್ಕೆ ಬೆನ್ನು ಕೊಟ್ಟು ಕೂತವರೇ ಆ ಮನೆತನದ ಪರವಾಗಿ ಮಾತಾಡುವವರು. ಒಬ್ಬರು ಒಲ್ಲೆ ಎಂದರೂ ತೀರ್ಮಾನವಿಲ್ಲ.

ಗಂಡ ಕಿಟಿಯೋನ ಸತ್ತಮೇಲೆ ವಲಿಸಿಯ ಮನೆಯ ಕಂಬ ಬರಿದಾಗಿತ್ತು. ಅವಳಿಗೆ ಅದರ ಗೊಡವೆಯಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ದಿನಾ ದಡದಲ್ಲಿದ್ದ ಅವನ ಸಮಾಧಿಗೆ ಹೋಗಿ, ಅದರ ಮೇಲೆ ಹಾಸಿದ ಬಿಳಿ ಹವಳದ ಕಲ್ಲುಗಳಲ್ಲಿ ಅಲೆ ಒಯ್ದಷ್ಟನ್ನು ಮತ್ತೆ ಹರಡಿ ಬರುತ್ತಿದ್ದಳು. ಅಲ್ಲೊಂದು ತಡೆಗೋಡೆಯಾದರೆ ಸಾಕಿತ್ತು ಅವಳಿಗೆ.

ಸರ್ಕಾರ ಕೊಡುವುದು ದ್ವೀಪದ ಮಂಡಳಿಯ ನೌಕರರ ಸಂಬಳಕ್ಕೇ ಸರಿಹೋಗುತ್ತದೆ. ಊರಿಗೆ ಏನಾದರೂ ಕಟ್ಟಬೇಕೆಂದರೆ, ಎಲ್ಲ ದ್ವೀಪಗಳಿಗಾಗಿ ರಾಜಧಾನಿಯಲ್ಲಿಟ್ಟ ದೊಡ್ಡ ನಿಧಿಯ ಗಳಿಕೆಯಲ್ಲಿ ನಮ್ಮ ಪಾಲು ಬರಬೇಕು. ಆ ವರ್ಷ ಪಾಲು ಬಂತು. ಅದರಲ್ಲಿ ಆಗುವುದು ಒಂದೇ ಕೆಲಸ: ಬಿರುಕು ಬಿಟ್ಟ ಮಳೆನೀರಿನ ತೊಟ್ಟಿಯನ್ನು ಮತ್ತೆ ಕಟ್ಟುವುದು, ಇಲ್ಲವೇ ಸಮಾಧಿಗಳಿಗೆ ತಡೆಗೋಡೆ. ಸಭೆ ಸೇರಿತು.

ವಲಿಸಿ ಸಭೆಗೆ ಊಟ ಹೊತ್ತು ತಂದಳು. ಕೆಸುವಿನ ಗಡ್ಡೆಯ ಬುಟ್ಟಿ ಇಳಿಸಿದವಳು, ಸೊಂಟ ಹಿಡಿದಂತಾಗಿ ಹತ್ತಿರದ ಕಂಬಕ್ಕೆ ಒರಗಿ ಕೂತುಬಿಟ್ಟಳು.

"ಅಯ್ಯೋ ಅತ್ತಿಗೇ, ಎಲ್ಲಿ ಕೂತಿದ್ದೀಯ ನೋಡು!" ಎಂದಳು ನಾದಿನಿ ಪುಲಾ.

ತಿರುಗಿ ನೋಡಿದರೆ ಕಿಟಿಯೋನನ ಕಂಬ. ವಲಿಸಿ ಏಳಲು ಹೊರಟಳು.

"ಕೂತಮೇಲೆ ಮಾತಾಡಿಯೇ ಏಳ್ಬೇಕಮ್ಮ," ಎಂದ ಮಂಡಳಿಯ ಅಧ್ಯಕ್ಷ ಲುಟೆಲು.

"ಸುಸ್ತಾಗಿ ಒರಗಿದ್ದು, ಮಾವ."

"ನಿನ್ನ ಗಂಡನೂ ಅಷ್ಟೇ, ನಿದ್ದೆ ಹೊಡೆಯೋಕೇ ಒರಗ್ತಿದ್ದ. ಎಬ್ಬಿಸಿ ಕೇಳ್ತಿದ್ವಿ." ಸಭೆ ನಕ್ಕಿತು. "ಉಳಿದೋರೆಲ್ಲ ತೊಟ್ಟಿ ಅಂದಿದ್ದಾರೆ. ನೀನು ಒಲ್ಲೆ ಅಂದ್ರೆ ಮತ್ತೆ ಮೊದಲಿಂದ ಮಾತು. ಗೋಡೆನೂ ಆಗ್ಬಹುದು. ಹೇಳು."

ಒಳಗಿಂದ ಏನಾದರೂ ಏಳುತ್ತದೇನೋ ಎಂದು ವಲಿಸಿ ಕಾದಳು. ಏನೂ ಏಳಲಿಲ್ಲ. ಹೊರಗೆ ತೊಟ್ಟಿಯ ಒಣಗಿದ ನಲ್ಲಿಯ ಪಕ್ಕ ಪುಲಾಳ ಮಗಳು ಖಾಲಿ ಬಕೆಟ್ಟು ಮಗುಚಿಕೊಂಡು ಅದರ ಮೇಲೆ ಕೂತಿದ್ದಳು.

"ತೊಟ್ಟಿನೇ ಆಗ್ಲಿ," ಎಂದು ಎದ್ದು ಬಡಿಸತೊಡಗಿದಳು.

ಪಾಲಿನ ದುಡ್ಡು ಸಿಮೆಂಟಿಗೆ, ಕಬ್ಬಿಣಕ್ಕೆ ಹೋಯಿತು. ಜಲ್ಲಿಯನ್ನು ಮಾತ್ರ ಮನೆಮನೆಯವರೇ ಹೊತ್ತು ತರಬೇಕು, ನಮ್ಮಲ್ಲಿ ಹಿಂದಿನಿಂದಲೂ ಹಾಗೆಯೇ. ವಲಿಸಿ ತಂದ ಬುಟ್ಟಿಯಲ್ಲಿ ನುಣುಪಾದ ಬಿಳಿ ಕಲ್ಲುಗಳಿದ್ದವು.

ಗಾರೆಗೆ ಜಲ್ಲಿ ಸುರಿಯುತ್ತಿದ್ದ ಪುಲಾಳ ಕೈ ನಿಂತಿತು. "ಅತ್ತಿಗೇ, ಇದು ಅಣ್ಣನ ಸಮಾಧಿ ಮೇಲಿಂದಲ್ವಾ?"

"ಸಮುದ್ರ ಹೆಂಗೂ ಒಯ್ಯುತ್ತೆ. ಸುರಿ."

ಪುಲಾ ಸುರಿದಳು. ಬೂದುಬಣ್ಣದ ಗಾರೆಯೊಳಗೆ ಕಲ್ಲುಗಳು ಒಂದೊಂದಾಗಿ ಕಾಣದಾದವು. ವಲಿಸಿ ಬುಟ್ಟಿ ಕೊಡವಿಕೊಂಡು, ಉಳಿದದ್ದನ್ನು ತರಲು ದಡಕ್ಕೆ ನಡೆದಳು.