ನನ್ನ ಮನೆಯಲ್ಲಿ ಭಾವನ ತಾಲೀಮು

ನನ್ನ ಭಾವನ ಕಿವಿಯ ಹಿಂದೆ ಯಾವಾಗಲೂ ಒಂದಿಷ್ಟು ಗುಲಾಬಿ ಬಣ್ಣ ಅಂಟಿಕೊಂಡಿರುತ್ತಿತ್ತು. ನಾಟಕ ಮುಗಿದು ಮೂರು ದಿನವಾದರೂ ಬೇಕೆಂದೇ ತೊಳೆಯುತ್ತಿರಲಿಲ್ಲ. ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ಏನ್ ಸ್ವಾಮಿ, ಪಾರ್ಟ್ ಇತ್ತಾ?" ಎಂದು ಕೇಳಲಿ ಅಂತ. ಕೇಳಿದರೆ ಮುಗಿಯಿತು, ಬಸ್ಸು ಹೋದರೂ ಚಿಂತೆಯಿಲ್ಲ, ಒಂದು ಅಂಕ ಅಲ್ಲೇ ಆಡಿ ತೋರಿಸುತ್ತಿದ್ದ. ಎದುರಿಗೆ ನಾನು ಅವನಿಗೆ 'ನೀವು' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವತ್ತೂ ಏಕವಚನವೇ. ಇಲ್ಲೂ ಹಾಗೇ ಬರೆಸುತ್ತಿದ್ದೇನೆ.

ಅವನು ಮಾಡದ ವೇಷವಿಲ್ಲ. ಹಿರೇನಲ್ಲೂರು ಕಡೆಯ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿಯುತ್ತಿದ್ದ. ಟೆಂಪೋದಲ್ಲಿ ಕೂತು ಮೈಕಿನಲ್ಲಿ ಬಿತ್ತನೆ ಬೀಜದ ಪ್ರಚಾರ ಮಾಡುತ್ತಿದ್ದ. ಒಂದು ಧಾರಾವಾಹಿಯಲ್ಲಿ ಡಾಕ್ಟರಾಗಿ ಬಂದು "ದೇವರ ಮೇಲೆ ಭಾರ ಹಾಕಿ" ಎಂದು ಹೇಳಿ ಹೋದ. ಆಮೇಲೆ ಒಂದು ವರ್ಷ ತರೀಕೆರೆಯಲ್ಲಿ ಜ್ವರ ಬಂದವರಿಗೆಲ್ಲ ಇವನೇ ಮಾತ್ರೆ ಹೇಳಿದ್ದು! ಅಕ್ಕ ರವಿಕೆ ಹೊಲಿದು ಮನೆ ನಡೆಸುತ್ತಿದ್ದಳು. ಅವಳು ಬೇಯಿಸಿದ ರೊಟ್ಟಿ ತಿನ್ನುತ್ತಾ "ಕಲಾವಿದ ಕಣೇ ನಾನು" ಎನ್ನುತ್ತಿದ್ದ. ಥೂ!

ವಯಸ್ಸಾದ ಮೇಲೆ ಯಾರೋ ಪುಣ್ಯಾತ್ಮರು ಇವನ ಕೈಗೆ ಕಾದಂಬರಿ ಕೊಟ್ಟು, ಆಡಿಯೋ ಪುಸ್ತಕಕ್ಕೆ ಓದಿ ಎಂದರು. ಅದೇ ಹೊತ್ತಿಗೆ ನನ್ನ ಕಣ್ಣು ಪೂರಾ ಹೋಯಿತು. ಅಜ್ಜಂಪುರದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು, ಓದದೆ ಕಳೆದ ದಿನವಿಲ್ಲ. ಕಪಾಟಿನ ಪುಸ್ತಕಗಳನ್ನು ತಡವಿ ಸುಮ್ಮನೆ ಕೂರುತ್ತಿದ್ದೆ. ಇನ್ನು ಬದುಕಿ ಏನು ಮಾಡಲಿ ಅನ್ನಿಸಿಬಿಟ್ಟಿತ್ತು.

ಆಗ ಬಂದ ಮಹಾಶಯ. ನಾಟಕದವರಿಗೆ ತಾಲೀಮು ಮಾಡದೆ ರಂಗ ಹತ್ತುವ ರೂಢಿಯಿಲ್ಲವಲ್ಲ. ರೆಕಾರ್ಡಿಂಗಿಗೆ ಹೋಗುವ ಮುಂಚೆ ಇಡೀ ಪುಸ್ತಕವನ್ನು ಯಾರಾದರೂ ಮೇಷ್ಟ್ರ ಮುಂದೆ ಓದಿ ಒಪ್ಪಿಸಬೇಕಂತೆ. "ನೀನೇ ನಮ್ ಮೇಷ್ಟ್ರು. ತಪ್ಪಾದ್ರೆ ಬಯ್ಯಿ" ಎಂದ. ಬಯ್ಯುವ ಅವಕಾಶ ಬಿಡಲಾದೀತೇ? ಒಪ್ಪಿದೆ.

ಅಬ್ಬಬ್ಬಾ, ಆ ಓದು! ಪಿಸುಮಾತನ್ನೂ ಶಿವನಿ ಸ್ಟೇಷನ್ನಿಗೆ ಕೇಳುವಂತೆ ಕೂಗುತ್ತಿದ್ದ. ಹೆಂಗಸರ ಮಾತಿಗೆ ಕೀರಲು ದನಿ. ಒಂದು ಒಳ್ಳೆಯ ಸಾಲು ಬಂತೆಂದರೆ ನಿಲ್ಲಿಸಿ ಕಾಯುತ್ತಿದ್ದ. ಯಾಕೆಂದು ಮೊದಲು ತಿಳಿಯಲಿಲ್ಲ. ಚಪ್ಪಾಳೆಗೆ! ನಮ್ಮ ಕಡೆ ನಾಟಕದಲ್ಲಿ ಜನ 'ವನ್ಸ್ ಮೋರ್' ಎಂದು ಕೂಗಿದರೆ ಅದೇ ಪದ್ಯವನ್ನು ಮತ್ತೆ ಹಾಡಬೇಕು. ಇವನು ಅದಕ್ಕೂ ಕಾಯುತ್ತಿದ್ದ.

"ಭಾವ, ಇಲ್ಲಿ ಯಾರೂ ಶಿಳ್ಳೆ ಹೊಡಿಯಲ್ಲ. ಮುಂದಕ್ಕೆ ಓದಿ."

"ಓದ್ತೀನಿ ತಾಳಮ್ಮ. ಜನಕ್ಕೆ ಸ್ವಲ್ಪ ಟೈಮ್ ಕೊಡ್ಬೇಕು."

ಒಂದು ದಿನ, ತಾಯಿಯೊಬ್ಬಳು ಸತ್ತ ಮಗಳ ಜಡೆಯ ಟೇಪನ್ನು ಮಡಿಸಿಡುವ ಪುಟ ಬಂತು. ಅವನು ನಿಲ್ಲಿಸಿದ. ಆಮೇಲೆ ಅದೇ ಪುಟವನ್ನು ಮೊದಲಿನಿಂದ ಓದಿದ, ದನಿ ಇಳಿಸಿ.

"ಓದಿ ಆಯ್ತಲ್ಲ, ಯಾಕೆ ಮತ್ತೆ?"

"ವನ್ಸ್ ಮೋರ್ ಬಂತಲ್ಲ."

"ನಾನೇನೂ ಕೂಗ್ಲಿಲ್ಲ."

"ನಿನ್ ಮುಖ ಕೂಗ್ತು ಕಣಮ್ಮ. ಜನದ ಮುಖ ನೋಡ್ಕಂಡೇ ಪಾರ್ಟ್ ಮಾಡಿರೋನು ನಾನು."

ಇಷ್ಟವಾದ ಪುಟವನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಓದುವ ಸುಖ. ಕಣ್ಣಿನ ಜೊತೆ ನಾನು ಕಳೆದುಕೊಂಡದ್ದು ಅದನ್ನೇ, ಯಾರಿಗೂ ಹೇಳಿರಲಿಲ್ಲ. ಆ ಬಡಾಯಿಕೋರನಿಗೆ ಹೇಗೆ ಗೊತ್ತಾಯಿತೋ! ಅತ್ತುಬಿಟ್ಟೆ. ಅದನ್ನೂ ತನ್ನ ಅಭಿನಯದ ಗೆಲುವೆಂದೇ ಲೆಕ್ಕ ಹಾಕಿ, ಮನೆಗೆ ಹೋಗಿ ಅಕ್ಕನ ಮುಂದೆ ಕೊಚ್ಚಿಕೊಂಡ. ಕೊಚ್ಚಿಕೊಳ್ಳದೆ ಇರುತ್ತಾನೆಯೇ?

ಹೀಗೆ ಹನ್ನೊಂದು ಪುಸ್ತಕ ಓದಿದೆ ನಾನು, ಅವನ ಗಂಟಲಲ್ಲಿ. ಹನ್ನೆರಡನೆಯದರಲ್ಲಿ ಮೂರು ಅಧ್ಯಾಯ ಉಳಿದಿದ್ದಾಗ ಹೃದಯಾಘಾತವಾಗಿ ಹೋಗಿಬಿಟ್ಟ. ಎಷ್ಟೇ ಸೋಮಾರಿಯಾದರೂ ತಾಲೀಮನ್ನು ಅರ್ಧಕ್ಕೆ ಬಿಟ್ಟವನಲ್ಲ, ಅದೊಂದೇ ಸಲ.

ಆ ಪುಸ್ತಕವನ್ನು ಈಗ ಬೇರೊಬ್ಬರು ಓದಿದ್ದಾರೆ. ಅಚ್ಚುಕಟ್ಟಾದ ದನಿಯಂತೆ, ಎಲ್ಲೂ ಕೂಗಾಟವಿಲ್ಲವಂತೆ. ಅಕ್ಕನ ಮಗಳು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. ಕಥೆ ಏನಾಯಿತೆಂದು ತಿಳಿಯಲು ಜೀವ ಒದ್ದಾಡುತ್ತದೆ. ಆದರೂ ಆ ಮೂರು ಅಧ್ಯಾಯವನ್ನು ನಾನು ಇನ್ನೂ ಕೇಳಿಲ್ಲ.